ಕರೆಂಟ್ ಹೋಗದ ಊರಿನ ಇನ್ವರ್ಟರ್: ಕಾಂದಿವಲಿಯ ಫ್ಲಾಟು, ಸೊಸೈಟಿ ಮತ್ತು ಬದಲಿ ವಿದ್ಯುತ್ತು

ಮುಂಬಯಿಯ ಪಶ್ಚಿಮ ಉಪನಗರವಾದ ಕಾಂದಿವಲಿಯಲ್ಲಿ ನೆಲೆಸಿರುವ ಕರಾವಳಿ ಮೂಲದ ಕನ್ನಡ, ತುಳು ಕುಟುಂಬಗಳಿಗೆ ವಿದ್ಯುತ್ತಿನ ವಿಷಯದಲ್ಲಿ ಒಂದಕ್ಕೊಂದು ಹೊಂದದ ಎರಡು ಅನುಭವಗಳಿವೆ. ಉಡುಪಿ, ಕುಂದಾಪುರ, ಕಾರ್ಕಳಗಳ ಕಡೆಯ ಊರಿನ ಮನೆಯಲ್ಲಿ ಮಳೆಗಾಲ ಹಿಡಿಯಿತೆಂದರೆ ಗಾಳಿಗೆ ಮರ ಮುರಿದು ತಂತಿಯ ಮೇಲೆ ಬೀಳುವುದು, ಕಂಬ ವಾಲುವುದು, ಅಲ್ಲಿನ ವಿದ್ಯುತ್ ಕಂಪನಿಯಾದ ಮೆಸ್ಕಾಂನ ಸಿಬ್ಬಂದಿ ತೋಟ ಗದ್ದೆಗಳನ್ನು ದಾಟಿ ಬಂದು ಸರಿಪಡಿಸುವವರೆಗೆ ಒಂದೆರಡು ದಿನ ಕತ್ತಲಲ್ಲಿ ಕಳೆಯುವುದು ಹೊಸ ಸಂಗತಿಯಲ್ಲವಾದ್ದರಿಂದ, ಅಲ್ಲಿ ಇನ್ವರ್ಟರ್ ಎಂಬುದು ಗೋಡೆ ಗಡಿಯಾರದಷ್ಟೇ ಸಹಜವಾದ ವಸ್ತುವಾಗಿದೆ. ಅದೇ ಕುಟುಂಬದ ಕಾಂದಿವಲಿಯ ಫ್ಲಾಟಿನಲ್ಲಿ ಮಾತ್ರ, ಕರೆಂಟ್ ಹೋದ ಗಳಿಗೆಯಲ್ಲಿ ಹುಡುಕಿದರೆ ಒಂದು ಮೇಣದಬತ್ತಿಯೂ ಕೈಗೆ ಸಿಗುವುದು ಕಷ್ಟ. ಇದು ಆಲಸ್ಯದ ಫಲವಲ್ಲ. ಮುಂಬಯಿ ತನ್ನ ನಿವಾಸಿಗಳಿಗೆ ನೂರು ವರ್ಷಗಳಿಂದ ಕಲಿಸಿಕೊಟ್ಟ ಭರವಸೆಯ ಫಲ. ಆ ಭರವಸೆ ಎಲ್ಲಿಂದ ಬಂತು, ಎಷ್ಟರಮಟ್ಟಿಗೆ ನಂಬತಕ್ಕದ್ದು ಎಂಬುದನ್ನು ತಿಳಿಯದೆ ಮನೆಗೆ ಯಾವ ಇನ್ವರ್ಟರ್ ಬೇಕೆಂದು ನಿರ್ಧರಿಸಲಾಗದು.

ಟಾಟಾ ಸಂಸ್ಥೆಯು ಪಶ್ಚಿಮ ಘಟ್ಟದ ಮಳೆನೀರನ್ನು ಕೆರೆಗಳಲ್ಲಿ ಹಿಡಿದು ಖೋಪೋಲಿಯಲ್ಲಿ ವಿದ್ಯುತ್ ತಯಾರಿಸಿ ಮುಂಬಯಿಯ ಬಟ್ಟೆ ಗಿರಣಿಗಳಿಗೆ ಕೊಡಲಾರಂಭಿಸಿದ್ದು 1915ರಲ್ಲಿ; ಮುಂದೆ ಭಿವಪುರಿ ಮತ್ತು ಭೀರಾ ಜಲವಿದ್ಯುತ್ ಕೇಂದ್ರಗಳೂ, ನಗರದ ಒಳಗೇ ಟ್ರಾಂಬೆಯ ಉಷ್ಣ ವಿದ್ಯುತ್ ಸ್ಥಾವರವೂ ಅದಕ್ಕೆ ಸೇರಿಕೊಂಡವು. ಕಾಂದಿವಲಿಯೂ ಸೇರಿದಂತೆ ಉಪನಗರಗಳಿಗೆ ವಿದ್ಯುತ್ ಹಂಚಲು 1929ರಲ್ಲಿ ಹುಟ್ಟಿದ ಬಾಂಬೆ ಸಬರ್ಬನ್ ಎಲೆಕ್ಟ್ರಿಕ್ ಸಪ್ಲೈ ಕಂಪನಿ, ಅಂದರೆ ಹಳಬರ ಬಾಯಲ್ಲಿ ಇಂದಿಗೂ ಉಳಿದಿರುವ ಬಿಎಸ್ಇಎಸ್, ಮುಂದೆ ರಿಲಯನ್ಸ್ ಕೈಗೆ ಹೋಗಿ 2018ರಲ್ಲಿ ಅದಾನಿ ಎಲೆಕ್ಟ್ರಿಸಿಟಿಯಾಯಿತು. ಇದಕ್ಕೆ ವಿದ್ಯುತ್ ಕೊಡಲು ಡಹಾಣುವಿನಲ್ಲಿ 500 ಮೆಗಾವಾಟ್ ಸಾಮರ್ಥ್ಯದ ಉಷ್ಣ ಸ್ಥಾವರವಿದೆ. ಟಾಟಾ ಸ್ಥಾವರಗಳಿಂದಾಗಿ ನಗರದ ಆಸುಪಾಸಿನಲ್ಲೇ ಉತ್ಪಾದನೆಯ ಒಂದು ಪಾಲು ಇದ್ದುದರಿಂದ 1981ರಲ್ಲಿ ಒಂದು ವಿಶೇಷ ವ್ಯವಸ್ಥೆಯನ್ನು ರೂಪಿಸಲಾಯಿತು. ಹೊರಗಿನ ದೊಡ್ಡ ವಿದ್ಯುತ್ ಜಾಲ ಕುಸಿಯತೊಡಗಿದಾಗ, ಅಂದರೆ ಸೆಕೆಂಡಿಗೆ 50 ಆವರ್ತ ಇರಬೇಕಾದ ವಿದ್ಯುತ್ತಿನ ಲಯ ಅಪಾಯದ ಮಟ್ಟಕ್ಕೆ ಇಳಿದಾಗ, ಮುಂಬಯಿ ತನ್ನಷ್ಟಕ್ಕೆ ಆ ಜಾಲದಿಂದ ಕಡಿದುಕೊಂಡು, ಅಷ್ಟೇನೂ ಮುಖ್ಯವಲ್ಲದ ಕೆಲವು ಭಾಗಗಳ ಪೂರೈಕೆಯನ್ನು ಕೈಬಿಟ್ಟು, ಉಳಿದವನ್ನು ಸ್ವಂತ ಸ್ಥಾವರಗಳ ಬಲದಿಂದ ನಡೆಸಿಕೊಂಡು ಹೋಗುವುದು ಅದರ ತಿರುಳು. ಐಲ್ಯಾಂಡಿಂಗ್ ಎಂದು ಹೆಸರಾದ ಈ ಏರ್ಪಾಡೂ, ಮಹಾರಾಷ್ಟ್ರದ ಉಳಿದ ಭಾಗಗಳು ತಾಸುಗಟ್ಟಲೆ ಲೋಡ್ ಶೆಡ್ಡಿಂಗ್ ಅನುಭವಿಸಿದ ವರ್ಷಗಳಲ್ಲೂ ಮುಂಬಯಿಗೆ ಸಿಕ್ಕ ರಿಯಾಯಿತಿಯೂ ಸೇರಿ, ಇಲ್ಲಿ ಕರೆಂಟ್ ಹೋಗುವುದಿಲ್ಲ ಎಂಬ ನಂಬಿಕೆಯನ್ನು ಗಟ್ಟಿ ಮಾಡಿದವು.

ಆ ನಂಬಿಕೆಗೆ ದೊಡ್ಡ ಪೆಟ್ಟು ಬಿದ್ದದ್ದು 2020ರ ಅಕ್ಟೋಬರ್ 12ರ ಸೋಮವಾರ. ನಗರಕ್ಕೆ ಹೊರಗಿನಿಂದ ವಿದ್ಯುತ್ ತರುವ ಕಳವಾ–ಪಡ್ಘಾ ನಡುವಿನ 400 ಕಿಲೋವೋಲ್ಟ್ ಮಾರ್ಗದಲ್ಲಿ ಉಂಟಾದ ತೊಂದರೆಯಿಂದ ಬೆಳಿಗ್ಗೆ ಸುಮಾರು ಹತ್ತು ಗಂಟೆಗೆ ಪೂರೈಕೆ ಕಡಿದುಹೋಯಿತು. ಮುಂಬಯಿಯನ್ನು ಉಳಿಸಿಕೊಳ್ಳಬೇಕಾಗಿದ್ದ ಐಲ್ಯಾಂಡಿಂಗ್ ವ್ಯವಸ್ಥೆ ಅಂದು ನೆರವಿಗೆ ಬರಲಿಲ್ಲ. ಲೋಕಲ್ ರೈಲುಗಳು ಹಳಿಯ ಮೇಲೆಯೇ ನಿಂತವು. ಕೋವಿಡ್ ಕಾಲವಾದ್ದರಿಂದ ಆಸ್ಪತ್ರೆಗಳಲ್ಲಿ ಆಮ್ಲಜನಕದ ಮೇಲಿದ್ದ ರೋಗಿಗಳೂ, ಮನೆಯಿಂದಲೇ ಕಚೇರಿ ಕೆಲಸ ಮಾಡುತ್ತಿದ್ದವರೂ, ಫೋನಿನ ಪರದೆಯಲ್ಲಿ ಪಾಠ ಕೇಳುತ್ತಿದ್ದ ಮಕ್ಕಳೂ ಒಮ್ಮೆಲೇ ಈ ಕಡಿತದ ಅಡಿಗೆ ಬಂದರು. ಅಗತ್ಯ ಸೇವೆಗಳಿಗೆ ಮಧ್ಯಾಹ್ನದ ಹೊತ್ತಿಗೆ ವಿದ್ಯುತ್ ಮರಳಿತಾದರೂ, ಹಲವು ವಸತಿ ಪ್ರದೇಶಗಳು ಸಂಜೆಯವರೆಗೆ, ಕೆಲವು ರಾತ್ರಿಯವರೆಗೆ ಕಾಯಬೇಕಾಯಿತು. ನಗರದ ಬೇಡಿಕೆ ಬೆಳೆದಷ್ಟು ವೇಗದಲ್ಲಿ ಹೊರಗಿನಿಂದ ವಿದ್ಯುತ್ ತರುವ ಮಾರ್ಗಗಳು ಬೆಳೆದಿಲ್ಲವೆಂಬುದು ಅಂದು ಬಯಲಾಯಿತು. 2023ರಲ್ಲಿ ಪೂರ್ಣಗೊಂಡ ಖಾರ್ಘರ್–ವಿಕ್ರೋಲಿ ಮಾರ್ಗದಂಥ ಕಾಮಗಾರಿಗಳು ಈ ಕೊರತೆಯನ್ನು ತುಂಬುವ ಉದ್ದೇಶದವು.

ಆದರೆ ಕಾಂದಿವಲಿಯ ನಿವಾಸಿ ಎದುರಿಸುವ ಹೆಚ್ಚಿನ ಕಡಿತಗಳು ಇಂಥ ಮಹಾಪತನಗಳಲ್ಲ. ಅವು ಬೀದಿಯ ಮಟ್ಟದವು. ಉಪನಗರದ ವಿದ್ಯುತ್ ಬಹುಪಾಲು ನೆಲದಡಿಯ ಕೇಬಲ್‌ಗಳಲ್ಲಿ ಹರಿಯುವುದರಿಂದ ಮರ ಬಿದ್ದು ತಂತಿ ಕಡಿಯುವ ಕಷ್ಟ ಇಲ್ಲಿ ಕಡಿಮೆ. ಬದಲಿಗೆ ರಸ್ತೆ ಕಾಂಕ್ರೀಟೀಕರಣಕ್ಕೋ, ಮೆಟ್ರೊಗೋ, ಹಳೆ ಕಟ್ಟಡದ ಮರುನಿರ್ಮಾಣಕ್ಕೋ ನೆಲ ಅಗೆಯುವ ಜೆಸಿಬಿಯ ಹಲ್ಲು ಕೇಬಲ್ಲಿಗೆ ತಗಲುವುದು, ಅಗೆದಾಗ ಗಾಯಗೊಂಡ ಹೊದಿಕೆಯೊಳಗೆ ತಿಂಗಳುಗಳ ನಂತರ ಮಳೆನೀರು ಇಳಿದು ಕೇಬಲ್ ಸುಡುವುದು, ಬೇಸಿಗೆಯ ರಾತ್ರಿ ಎಲ್ಲ ಮನೆಗಳ ಎಸಿಗಳು ಒಟ್ಟಿಗೆ ಓಡಿದಾಗ ಫ್ಯೂಸು ಹೋಗುವುದು ಇಲ್ಲಿನ ಸಾಮಾನ್ಯ ಕಾರಣಗಳು. ನೆಲದಡಿಯ ದೋಷ ಕಣ್ಣಿಗೆ ಕಾಣದಾದ್ದರಿಂದ, ಎಲ್ಲಿ ಕೆಟ್ಟಿದೆ ಎಂದು ಉಪಕರಣದಿಂದ ಪತ್ತೆಹಚ್ಚಿ, ಅಗೆದು, ಜೋಡಿಸುವವರೆಗೆ ನಾಲ್ಕಾರು ತಾಸು ಹಿಡಿಯುವುದುಂಟು. ನೆರೆಯ ಸಂಗತಿ ಬೇರೆಯದೇ. 2005ರ ಜುಲೈ 26ರಂದು ಸಾಂತಾಕ್ರೂಜ್ ಮಾಪನ ಕೇಂದ್ರದಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ದಾಖಲಾದಾಗ, ಸಬ್‌ಸ್ಟೇಷನ್‌ಗಳಿಗೂ ಕಟ್ಟಡಗಳ ನೆಲಮಟ್ಟದ ಮೀಟರ್ ಕೋಣೆಗಳಿಗೂ ನೀರು ನುಗ್ಗಿ, ನೀರಲ್ಲಿ ನಡೆಯುವವರಿಗೆ ಶಾಕ್ ಹೊಡೆಯಬಾರದೆಂದು ಪೂರೈಕೆಯನ್ನು ಬೇಕೆಂದೇ ನಿಲ್ಲಿಸಬೇಕಾಗಿ ಬಂದು, ಉಪನಗರಗಳ ಹಲವು ಭಾಗಗಳು ದಿನಗಟ್ಟಲೆ ಕತ್ತಲಲ್ಲಿದ್ದವು. ರಾಷ್ಟ್ರೀಯ ಉದ್ಯಾನದ ಗುಡ್ಡಗಳಲ್ಲಿ ಹುಟ್ಟಿ ಕಾಂದಿವಲಿಯ ನಡುವೆ ಹಾದು ಖಾಡಿಯತ್ತ ಸಾಗುವ ಪೊಯಿಸರ್ ನದಿಯ ದಂಡೆಯ ಬಡಾವಣೆಗಳಿಗೆ ಇದು ಮರೆಯುವ ಸಂಗತಿಯಲ್ಲ.

ಉಪನಗರದ ಗ್ರಾಹಕ ಅದಾನಿ, ಟಾಟಾ ಎಂಬ ಎರಡು ಕಂಪನಿಗಳಲ್ಲಿ ಒಂದನ್ನು ಆರಿಸಿಕೊಳ್ಳಬಹುದಾದ್ದರಿಂದ, ಕಂಪನಿ ಬದಲಾಯಿಸಿದರೆ ಕಡಿತ ತಪ್ಪೀತೆಂಬ ಆಸೆ ಕೆಲವರಿಗಿದೆ. ಬಿಲ್ಲು ಬದಲಾಗುತ್ತದೆಯೇ ಹೊರತು, ಹೀಗೆ ಬದಲಾಯಿಸಿಕೊಂಡ ಬಹುತೇಕ ಮನೆಗಳಿಗೆ ವಿದ್ಯುತ್ ಬರುವುದು ಅದೇ ಹಳೆಯ ಕೇಬಲ್ಲಿನಲ್ಲಿ; ಕೇಬಲ್ ಕಡಿದರೆ ಇಬ್ಬರ ಗ್ರಾಹಕರಿಗೂ ಒಂದೇ ಕತ್ತಲು.

ಇಷ್ಟನ್ನು ಒಟ್ಟಿಗಿಟ್ಟು ನೋಡಿದರೆ ಕಾಂದಿವಲಿಯ ಪರಿಸ್ಥಿತಿಯ ವಿಶೇಷ ಸ್ಪಷ್ಟವಾಗುತ್ತದೆ. ಇಲ್ಲಿ ಕಡಿತ ವಿರಳ, ಬಂದರೆ ಕೆಲವು ತಾಸಿನದು, ಬಹಳ ಅಪರೂಪಕ್ಕೆ ದಿನಗಟ್ಟಲೆಯದು. ಆದರೆ ಊರಿನ ಹೆಂಚಿನ ಮನೆಗೆ ಕರೆಂಟ್ ಹೋದರೆ ಹೋಗುವುದು ದೀಪ, ಫ್ಯಾನು, ಟಿವಿ. ಬಾವಿಯಲ್ಲಿ ನೀರಿದೆ, ಹಗ್ಗ ಕೊಡಪಾನ ಇವೆ, ಅಂಗಳಕ್ಕೆ ಇಳಿಯಲು ಎರಡು ಮೆಟ್ಟಿಲು. ಠಾಕೂರ್ ವಿಲೇಜಿನ ಅಥವಾ ಮಹಾವೀರ ನಗರದ ಬಹುಮಹಡಿ ಕಟ್ಟಡದ ಹದಿನೆಂಟನೆಯ ಮಾಳಿಗೆಗೆ ಕರೆಂಟ್ ಹೋದರೆ ಮೊದಲು ನಿಲ್ಲುವುದು ಲಿಫ್ಟು, ಕೆಲವು ತಾಸಿನಲ್ಲಿ ಮುಗಿಯುವುದು ನೀರು. ಇವೆರಡೂ ಫ್ಲಾಟಿನ ಬಾಗಿಲಿನ ಹೊರಗಿನವು. ಒಳಗೆ ಎಷ್ಟು ದೊಡ್ಡ ಇನ್ವರ್ಟರ್ ಇಟ್ಟರೂ ಅವು ಚಾಲೂ ಆಗುವುದಿಲ್ಲ. ಆದ್ದರಿಂದ ಬಹುಮಹಡಿಯ ನಿವಾಸಿಯ ಬದಲಿ ವಿದ್ಯುತ್ತಿನ ಅರ್ಧ ಭಾಗ ಅಂಗಡಿಯಲ್ಲಿ ಅಲ್ಲ, ವಸತಿ ಸೊಸೈಟಿಯ ಮೀಟಿಂಗಿನಲ್ಲಿ ತೀರ್ಮಾನವಾಗುತ್ತದೆ. ಇದನ್ನು ಅರಿಯದೆ ಮನೆಮನೆಯೂ ತನ್ನಷ್ಟಕ್ಕೆ ಖರ್ಚು ಮಾಡುವುದು ಈ ವಿಷಯದಲ್ಲಿ ಕಾಣುವ ದೊಡ್ಡ ಅವಿವೇಕ.

ನೀರಿನ ಲೆಕ್ಕವನ್ನೇ ನೋಡಬಹುದು. ಮಹಾನಗರಪಾಲಿಕೆಯ ನೀರು ದಿನದಲ್ಲಿ ಗೊತ್ತುಪಡಿಸಿದ ಕೆಲವೇ ಹೊತ್ತು ಬಂದು ಕಟ್ಟಡದ ನೆಲದಡಿಯ ಟಾಕಿಯಲ್ಲಿ ತುಂಬುತ್ತದೆ. ಅಲ್ಲಿಂದ ಮೇಲಿನ ಟಾಕಿಗೆ ಏರಿಸುವುದು ಸೊಸೈಟಿಯ ಪಂಪು. ತಲೆಗೆ ದಿನಕ್ಕೆ 135 ಲೀಟರ್ ಎಂಬ ರೂಢಿಯ ಲೆಕ್ಕ ಹಿಡಿದರೆ, ನಾಲ್ಕು ಜನರ 40 ಕುಟುಂಬಗಳಿಗೆ ದಿನಕ್ಕೆ ಸುಮಾರು 21,600 ಲೀಟರ್ ಬೇಕು. ಒಂದು ಹಾರ್ಸ್ ಪವರ್ ಎಂದರೆ 746 ವಾಟ್ ಆದುದರಿಂದ 7.5 ಹಾರ್ಸ್ ಪವರಿನ ಪಂಪು ಸುಮಾರು 5.6 ಕಿಲೋವಾಟಿನದು, ಹನ್ನೆರಡು ಮಾಳಿಗೆಯ ಕಟ್ಟಡದಲ್ಲಿ ಇಷ್ಟು ನೀರನ್ನು ಅದು ಸರಿಸುಮಾರು ಒಂದು ತಾಸಿನಲ್ಲಿ ಮೇಲೇರಿಸಬಲ್ಲದು. ಡೀಸೆಲ್ ಜನರೇಟರ್ ಒಂದು ಯೂನಿಟ್ ವಿದ್ಯುತ್ತಿಗೆ ಕಾಲು ಲೀಟರಿಗಿಂತ ತುಸು ಹೆಚ್ಚು ಇಂಧನ ಕುಡಿಯುತ್ತದೆ, ಪೂರ್ತಿ ಹೊರೆಯಿಲ್ಲದಾಗ ಇನ್ನೂ ಸ್ವಲ್ಪ ಹೆಚ್ಚು. ಅಂದರೆ ಎರಡು ಮೂರು ಲೀಟರ್ ಡೀಸೆಲ್ಲಿನಲ್ಲಿ ಇಡೀ ಕಟ್ಟಡದ ಒಂದು ದಿನದ ನೀರು ಮುಗಿಯಿತು. ಮನೆಯೊಂದು ಬ್ಯಾಟರಿಗೆ ಸುರಿಯುವ ಹಣದ ಎದುರು ಈ ಖರ್ಚು ತೀರಾ ಸಣ್ಣದು. ಜನರೇಟರ್ ಕೊಳ್ಳುವಾಗ ಕಮಿಟಿಗಳು ಎಡವುವುದು ಇನ್ನೊಂದು ಕಡೆ: ಮೋಟರು ಚಾಲೂ ಆಗುವ ಕ್ಷಣದಲ್ಲಿ ಓಡುವಾಗಿನ ವಿದ್ಯುತ್ತಿನ ಐದಾರು ಪಟ್ಟು ಎಳೆಯುವುದರಿಂದ, ಪಂಪಿನ ಫಲಕದ ಮೇಲಿನ ಅಂಕಿಯನ್ನಷ್ಟೇ ನೋಡಿ ಕೊಂಡ ಜನರೇಟರ್ ಪಂಪಿನ ಗುಂಡಿ ಒತ್ತಿದೊಡನೆ ಏದುಸಿರು ಬಿಟ್ಟು ನಿಲ್ಲುತ್ತದೆ. ಲಿಫ್ಟನ್ನೂ ಪಂಪನ್ನೂ ಒಂದೇ ಹೊತ್ತಿಗೆ ಚಾಲೂ ಮಾಡದಂತೆ ನಿಯಮ ಮಾಡಿಕೊಂಡರೆ ಸಣ್ಣ ಜನರೇಟರೇ ಸಾಕಾಗುತ್ತದೆ. ಸದ್ದಿನ ವಿಷಯದಲ್ಲಿ, ಕವಚದಿಂದ ಒಂದು ಮೀಟರ್ ದೂರದಲ್ಲಿ 75 ಡೆಸಿಬೆಲ್ ಮೀರಬಾರದೆಂಬುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಿತಿ. ಹೊಗೆಯ ವಿಷಯದಲ್ಲಿ ಇನ್ನಷ್ಟು ಬಿಗಿಯಾದ ಮಾನದಂಡಗಳು 2023ರ ಜುಲೈಯಿಂದ ಹೊಸ ಯಂತ್ರಗಳಿಗೆ ಅನ್ವಯವಾಗಿವೆ. ಮೀಟರ್ ಕೋಣೆ, ಪಂಪಿನ ಸ್ವಿಚ್ಚುಗಳು, ಜನರೇಟರ್ ಈ ಮೂರನ್ನೂ ನೆರೆ ಏರಿದ ಗುರುತಿಗಿಂತ ಮೇಲೆ ಇಡದಿದ್ದರೆ, ಪೊಯಿಸರ್ ದಂಡೆಯ ಕಟ್ಟಡದಲ್ಲಿ ಬದಲಿ ವ್ಯವಸ್ಥೆ ಬೇಕಾದ ದಿನವೇ ನೀರಿನಡಿ ಇರುತ್ತದೆ.

ಲಿಫ್ಟಿನ ಕುರಿತು ಒಂದು ಸಣ್ಣ ಪೆಟ್ಟಿಗೆಯ ವಿಚಾರ ಹೇಳಬೇಕು. ಆಟೊಮ್ಯಾಟಿಕ್ ರೆಸ್ಕ್ಯೂ ಡಿವೈಸ್, ಚಿಕ್ಕದಾಗಿ ಎಆರ್‌ಡಿ ಎಂದು ಕರೆಯುವ ಈ ಸಾಧನ ಲಿಫ್ಟಿನ ಯಂತ್ರದ ಕೋಣೆಯಲ್ಲಿ ಗೋಡೆಗೆ ತೂಗಿಕೊಂಡಿರುತ್ತದೆ. ಒಳಗೆ ಸ್ಕೂಟರಿನ ಬ್ಯಾಟರಿಯಷ್ಟು ಗಾತ್ರದ ಕೆಲವು ಬ್ಯಾಟರಿಗಳು. ಎರಡು ಮಾಳಿಗೆಗಳ ನಡುವೆ ಲಿಫ್ಟು ನಿಂತ ಕೆಲವು ಕ್ಷಣಗಳಲ್ಲಿ ಇದು ಎಚ್ಚೆತ್ತು, ತೊಟ್ಟಿಲನ್ನು ನಿಧಾನವಾಗಿ ಹತ್ತಿರದ ಮಾಳಿಗೆಗೆ ತಂದು, ಬಾಗಿಲು ತೆರೆದು, ಮತ್ತೆ ಸುಮ್ಮನಾಗುತ್ತದೆ. ಜನರೇಟರ್ ಇಲ್ಲದ ಚಾರ್ಕೋಪಿನ ಹಳೆಯ ಕಟ್ಟಡಗಳಿಗೂ ಇದು ಎಟುಕುವ ವೆಚ್ಚದ್ದು. ಆದರೆ ವರ್ಷಗಟ್ಟಲೆ ಕರೆಂಟ್ ಹೋಗದಿದ್ದಾಗ ಆ ಪೆಟ್ಟಿಗೆಯ ಬ್ಯಾಟರಿ ಒಣಗಿ ಸತ್ತಿರುವುದು ಯಾರ ಗಮನಕ್ಕೂ ಬರುವುದಿಲ್ಲ. ಗೊತ್ತಾಗುವುದು ಒಳಗೆ ಸಿಕ್ಕಿಕೊಂಡವರು ಬಾಗಿಲು ಬಡಿಯತೊಡಗಿದಾಗ. ಕಡಿತ ವಿರಳವಾದ ಊರಿನಲ್ಲಿ ಬದಲಿ ವ್ಯವಸ್ಥೆಗಳೇ ಗುಟ್ಟಾಗಿ ಕೆಡುತ್ತವೆ ಎಂಬ ಈ ಸಂಗತಿ ಮನೆಯೊಳಗಿನ ಇನ್ವರ್ಟರಿಗೂ ಅಷ್ಟೇ ಅನ್ವಯಿಸುತ್ತದೆ.

ಇನ್ನು ಮನೆಯೊಳಗೆ. ಬ್ಯಾಟರಿಯಲ್ಲಿ ಶೇಖರವಾಗುವುದು ಒಂದೇ ದಿಕ್ಕಿಗೆ ಹರಿಯುವ ವಿದ್ಯುತ್ತು. ಅದನ್ನು ಮನೆಯ ಉಪಕರಣಗಳು ಬಳಸುವ, ದಿಕ್ಕು ಬದಲಿಸುತ್ತ ಹರಿಯುವ 230 ವೋಲ್ಟಿನ ವಿದ್ಯುತ್ತಾಗಿ ಮಾರ್ಪಡಿಸುವುದು ಇನ್ವರ್ಟರಿನ ಕೆಲಸ. ಆ ಮಾರ್ಪಾಡು ನಯವಾದ ಅಲೆಯ ರೂಪದಲ್ಲಿದ್ದರೆ ಸೈನ್ ವೇವ್, ಒರಟಾದ ಚೌಕದ ರೂಪದಲ್ಲಿದ್ದರೆ ಸ್ಕ್ವೇರ್ ವೇವ್. ಎರಡನೆಯದು ಅಗ್ಗವಾದರೂ ಫ್ಯಾನು ಗುಂಯ್ಗುಡುತ್ತದೆ, ಮೋಟರುಗಳು ಬಿಸಿಯೇರುತ್ತವೆ, ಆದ್ದರಿಂದ ಈಗ ಅದನ್ನು ಕೊಳ್ಳುವ ಕಾರಣವಿಲ್ಲ. ಇನ್ವರ್ಟರಿನ ಮೇಲೆ ಬರೆದ 900 ವಿಎ ಎಂಬಂಥ ಅಂಕಿ, ಅಂದರೆ ವೋಲ್ಟ್–ಆಂಪಿಯರ್, ಅದು ಒಂದೇ ಗಳಿಗೆಯಲ್ಲಿ ಎಷ್ಟು ಹೊರೆ ಹೊರಬಲ್ಲದೆಂಬುದನ್ನು ಹೇಳುತ್ತದೆ; ವಾಟಿನಲ್ಲಿ ಅದು ಸುಮಾರು 700 ಮಾತ್ರ. ಎಷ್ಟು ಹೊತ್ತು ಹೊರಬಲ್ಲದೆಂಬುದನ್ನು ಹೇಳುವುದು ಬ್ಯಾಟರಿ. ಅಂಗಡಿಯಲ್ಲಿ ಈ ಎರಡನ್ನು ಕಲಸಿಬಿಟ್ಟು, ಹೆಚ್ಚು ಹೊತ್ತು ಬೇಕೆಂದವರಿಗೆ ದೊಡ್ಡ ಇನ್ವರ್ಟರ್ ಮಾರುವುದು ಸಾಮಾನ್ಯ.

12 ವೋಲ್ಟಿನ, 150 ಆಂಪಿಯರ್–ಅವರ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1,800 ವಾಟ್–ತಾಸು ಶಕ್ತಿಯಿರುತ್ತದೆ. ಸೀಸ ಮತ್ತು ಆಮ್ಲದ ಬ್ಯಾಟರಿಯನ್ನು ಪೂರ್ತಿ ಬರಿದು ಮಾಡಿದರೆ ಬಾಳಿಕೆ ಕುಗ್ಗುವುದರಿಂದ ಶೇಕಡಾ 60ರಷ್ಟನ್ನೇ ಲೆಕ್ಕಕ್ಕೆ ಹಿಡಿಯುವುದು ಒಳ್ಳೆಯದು. ಮಾರ್ಪಾಡಿನಲ್ಲಿ ಮತ್ತೆ ನೂರಕ್ಕೆ ಹದಿನೈದು ಪಾಲು ಸೋರುತ್ತದೆ. ಉಳಿಯುವುದು ಸುಮಾರು 900 ವಾಟ್–ತಾಸು. ಮಾಮೂಲಿ ಸೀಲಿಂಗ್ ಫ್ಯಾನು 75 ವಾಟ್, ಎಲ್ಇಡಿ ಬಲ್ಬು 9 ವಾಟ್, ವೈಫೈ ಪೆಟ್ಟಿಗೆ ಸುಮಾರು 12 ವಾಟ್. ಎರಡು ಫ್ಯಾನು, ನಾಲ್ಕು ಬಲ್ಬು, ವೈಫೈ ಸೇರಿದರೆ 198 ವಾಟ್. ಅಂದರೆ ನಾಲ್ಕೂವರೆ ತಾಸಿನ ಆಸರೆ. ಅದೇ ಎರಡು ಫ್ಯಾನುಗಳನ್ನು ಸುಮಾರು 30 ವಾಟಿನಲ್ಲಿ ತಿರುಗುವ ಬಿಎಲ್‌ಡಿಸಿ ಫ್ಯಾನುಗಳಿಗೆ, ಅಂದರೆ ಕಾಂತಗಳನ್ನೂ ಎಲೆಕ್ಟ್ರಾನಿಕ್ ನಿಯಂತ್ರಣವನ್ನೂ ಬಳಸುವ ಹೊಸ ಬಗೆಯ ಮೋಟರಿನ ಫ್ಯಾನುಗಳಿಗೆ ಬದಲಾಯಿಸಿದರೆ ಒಟ್ಟು ಹೊರೆ 108 ವಾಟಿಗಿಳಿದು ಅದೇ ಬ್ಯಾಟರಿ ಎಂಟು ತಾಸು ದಾಟುತ್ತದೆ. ದೊಡ್ಡ ಬ್ಯಾಟರಿಗಿಂತ ಒಳ್ಳೆಯ ಫ್ಯಾನು ಮೇಲು ಎಂಬುದು ಇಲ್ಲಿನ ಸರಳ ಲೆಕ್ಕ, ಅದೂ ಕರೆಂಟ್ ಇದ್ದ ದಿನಗಳಲ್ಲೂ ಬಿಲ್ಲು ಇಳಿಸುವುದರಿಂದ. ಗೀಸರ್ 2,000 ವಾಟ್, ಒಂದೂವರೆ ಟನ್ನಿನ ಎಸಿ ಹೆಚ್ಚುಕಡಿಮೆ 1,500 ವಾಟ್, ಮಿಕ್ಸಿ 500ರಿಂದ 750 ವಾಟ್. ಇವನ್ನು ಬ್ಯಾಟರಿಯ ಮೇಲೆ ನಡೆಸುವ ಆಸೆ ಬಿಟ್ಟ ಮನೆಗೆ ಇನ್ವರ್ಟರ್ ಅಗ್ಗ, ಬಿಡದ ಮನೆಗೆ ಅದು ಆನೆ ಸಾಕಣೆ.

ಬ್ಯಾಟರಿಯ ಜಾತಿಯ ಆಯ್ಕೆಯಲ್ಲಿ ಕಾಂದಿವಲಿಗೂ ಊರಿಗೂ ವ್ಯತ್ಯಾಸವಿರಬೇಕು. ಟ್ಯೂಬ್ಯುಲರ್ ಎನ್ನುವ ಸೀಸದ ಬ್ಯಾಟರಿ ಮತ್ತೆ ಮತ್ತೆ ಬರಿದಾಗಿ ತುಂಬುವುದನ್ನು ತಾಳಿಕೊಳ್ಳುವಂತೆ ಮಾಡಿದ್ದು. ದಿನವೂ ಕರೆಂಟ್ ಹೋಗುವ ಊರಿಗೆ ಅದು ತಕ್ಕುದು. ಅದರ ಮೈಮೇಲೆ ಆರು ಮುಚ್ಚಳಗಳಿದ್ದು, ಪ್ರತಿಯೊಂದರಲ್ಲೂ ಆಮ್ಲದ ಮಟ್ಟ ತೋರಿಸುವ ತೇಲುಕಡ್ಡಿ ಇರುತ್ತದೆ. ಹಸಿರು ಗೆರೆ ಒಳಗಿಳಿದು ಕೆಂಪು ಕಂಡಾಗ ಡಿಸ್ಟಿಲ್ಡ್ ವಾಟರ್ ಹಾಕಬೇಕು, ನಲ್ಲಿಯ ನೀರನ್ನಲ್ಲ. ಮುಂಬಯಿಯ ಉಪ್ಪಿನ ಗಾಳಿಗೆ ಅದರ ಕೊಂಡಿಗಳ ಮೇಲೆ ಬಿಳಿ, ಹಸಿರು ಬಣ್ಣದ ಪುಡಿ ಬೇಗ ಕಟ್ಟುತ್ತದೆ. ಆ ಪುಡಿ ವಿದ್ಯುತ್ತಿನ ದಾರಿಗೆ ಅಡ್ಡಿಯಾಗಿ ಕೊಂಡಿ ಬಿಸಿಯೇರುತ್ತದೆ. ಬಿಸಿನೀರಲ್ಲಿ ಅಡುಗೆ ಸೋಡಾ ಕದಡಿ ಒರೆಸಿ, ಒಣಗಿಸಿ, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿದರೆ ತಡೆಯಬಹುದು, ಆದರೆ ಆ ಕೆಲಸವನ್ನು ಇನ್ವರ್ಟರ್ ಬಂದ್ ಮಾಡಿ, ಪ್ಲಗ್ ಕಿತ್ತ ನಂತರ ಮಾಡಬೇಕು. ಸುತ್ತಲಿನ ಉಷ್ಣತೆ 25 ಡಿಗ್ರಿ ಸೆಲ್ಸಿಯಸ್‌ಗಿಂತ ಹತ್ತು ಡಿಗ್ರಿ ಏರಿದರೆ ಸೀಸದ ಬ್ಯಾಟರಿಯ ಆಯುಸ್ಸು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆಂಬುದು ತಯಾರಕರ ನಡುವಿನ ರೂಢಿಯ ಲೆಕ್ಕವಾದ್ದರಿಂದ, ಪಶ್ಚಿಮದ ಬಿಸಿಲು ಬೀಳುವ ಬಾಲ್ಕನಿ ಅದಕ್ಕೆ ಜಾಗವಲ್ಲ. ಚಾರ್ಜಾಗುವಾಗ ಅದರಿಂದ ಹೊಮ್ಮುವ ಹೈಡ್ರೋಜನ್ ಗಾಳಿಯಲ್ಲಿ ಶೇಕಡಾ ನಾಲ್ಕನ್ನು ಮುಟ್ಟಿದರೆ ಕಿಡಿಗೆ ಸಿಡಿಯುವುದರಿಂದ ದೇವರ ದೀಪದ ಪಕ್ಕವೂ, ಮುಚ್ಚಿದ ಕಪಾಟೂ ಜಾಗವಲ್ಲ. ಒಂದು ಕೋಣೆ–ಅಡುಗೆಮನೆಯ ಫ್ಲಾಟಿನಲ್ಲಿ ಇಷ್ಟೆಲ್ಲ ತಪ್ಪಿಸಿ ಅರವತ್ತು ಕಿಲೋ ಹತ್ತಿರದ ಭಾರಕ್ಕೆ ಮೂಲೆ ಹುಡುಕುವುದೇ ಪ್ರಯಾಸ.

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಇದಕ್ಕೆ ಉತ್ತರ ಕೊಡುತ್ತದೆ: ನೀರು ಹಾಕಬೇಕಿಲ್ಲ, ಅನಿಲ ಬಿಡುವುದಿಲ್ಲ, ಗೋಡೆಗೆ ತೂಗಬಹುದು, ತುಂಬಿದ ಶಕ್ತಿಯಲ್ಲಿ ನೂರಕ್ಕೆ ಎಂಬತ್ತು ತೊಂಬತ್ತು ಪಾಲನ್ನು ಬಳಸಬಹುದು, ಆದ್ದರಿಂದ 100 ಆಂಪಿಯರ್–ಅವರಿನ ಲಿಥಿಯಂ 150ರ ಸೀಸಕ್ಕೆ ಸರಿಸಮ. ಮೊಬೈಲಿನಲ್ಲಿರುವ ಬೇರೆ ಬಗೆಯ ಲಿಥಿಯಂಗಿಂತ ಇದರ ರಸಾಯನ ಬೆಂಕಿಗೆ ಕಡಿಮೆ ಒಲಿಯುವಂಥದ್ದು. ಬೆಲೆ ಹೆಚ್ಚು, ಬಾಳಿಕೆ ಸಾವಿರಾರು ಸುತ್ತುಗಳದ್ದು. ತಿಂಗಳಿಗೊಮ್ಮೆಯೂ ಕರೆಂಟ್ ಹೋಗದ ಮನೆಯಲ್ಲಿ ಆ ಸುತ್ತುಗಳಷ್ಟನ್ನೂ ಬಳಸಿ ಮುಗಿಸುವುದು ಸಾಧ್ಯವಿಲ್ಲವಾದರೂ, ಸುಮ್ಮನೆ ಕುಳಿತಲ್ಲೇ ಕೆಡುವ ಸೀಸದ ಬ್ಯಾಟರಿಯನ್ನು ಮೂರು ನಾಲ್ಕು ವರ್ಷಕ್ಕೊಮ್ಮೆ ಬದಲಾಯಿಸುವ ಖರ್ಚನ್ನು ಕೂಡಿಸಿದರೆ ಎರಡರ ಅಂತರ ಬಹಳ ಕಿರಿದಾಗುತ್ತದೆ. ಯಾವುದನ್ನೇ ಕೊಂಡರೂ ಮೂರು ತಿಂಗಳಿಗೊಮ್ಮೆ ಮುಖ್ಯ ಸ್ವಿಚ್ ಇಳಿಸಿ, ಮನೆಯ ಮಾಮೂಲಿ ಹೊರೆಯ ಮೇಲೆ ಒಂದು ತಾಸು ನಡೆಸಿ ನೋಡುವುದು, ಅದರಲ್ಲೂ ಮೇ ತಿಂಗಳ ಕೊನೆಯಲ್ಲಿ ತಪ್ಪದೆ ನೋಡುವುದು, ಕೊಂಡಷ್ಟೇ ಮುಖ್ಯ.

ಜೋಡಣೆಯ ವಿಷಯದಲ್ಲಿ ಎರಡು ತಪ್ಪುಗಳು ಮತ್ತೆ ಮತ್ತೆ ಕಾಣುತ್ತವೆ. ಇನ್ವರ್ಟರಿನ ನ್ಯೂಟ್ರಲ್ ತಂತಿಯನ್ನು ಮನೆಯ ಉಳಿದ ಸರ್ಕ್ಯೂಟಿನ ನ್ಯೂಟ್ರಲ್ ಜೊತೆ ಬೆರೆಸಿದರೆ, ಹೋದ ವಿದ್ಯುತ್ತೂ ಮರಳಿದ ವಿದ್ಯುತ್ತೂ ಸಮವಿದೆಯೇ ಎಂದು ಕ್ಷಣಕ್ಷಣವೂ ತೂಗುವ ಆರ್‌ಸಿಸಿಬಿ ಎಂಬ ರಕ್ಷಣಾ ಸ್ವಿಚ್ ಕಾರಣವಿಲ್ಲದೆ ಬೀಳತೊಡಗುತ್ತದೆ. ಕಿರಿಕಿರಿ ತಾಳದೆ ಕೆಲವು ಕೆಲಸಗಾರರು ಆ ಸ್ವಿಚ್ಚನ್ನೇ ಕಿತ್ತುಹಾಕುವುದರಿಂದ ಇಡೀ ಮನೆ ಶಾಕಿನ ರಕ್ಷಣೆ ಕಳೆದುಕೊಳ್ಳುತ್ತದೆ. ಇನ್ನೊಂದು, ಸಣ್ಣ ಜನರೇಟರನ್ನು ಎರಡೂ ತುದಿಗೆ ಪ್ಲಗ್ ಇರುವ ವೈರಿನಿಂದ ಗೋಡೆಯ ಸಾಕೆಟ್ಟಿಗೆ ಚುಚ್ಚುವುದು. ಆಗ ವಿದ್ಯುತ್ತು ಮೀಟರಿನ ಮೂಲಕ ಹಿಂದಕ್ಕೆ ಹರಿದು, ಕೇಬಲ್ ಸತ್ತಿದೆಯೆಂದು ನಂಬಿ ಕೈ ಹಾಕಿದ ಲೈನ್‌ಮನ್‌ನ ಪ್ರಾಣ ತೆಗೆಯಬಹುದು. ಎರಡು ಮೂಲಗಳು ಎಂದೂ ಕೂಡದಂತೆ ತಡೆಯುವ ಚೇಂಜ್‌ಓವರ್ ಸ್ವಿಚ್ಚನ್ನು ಪರವಾನಗಿ ಇರುವ ಎಲೆಕ್ಟ್ರೀಷಿಯನ್ನಿಂದ ಹಾಕಿಸುವುದು ಬಿಟ್ಟು ಇದಕ್ಕೆ ಒಳದಾರಿಯಿಲ್ಲ. ಪೆಟ್ರೋಲ್ ಜನರೇಟರನ್ನು ಬಾಲ್ಕನಿಯಲ್ಲೋ ಮೆಟ್ಟಿಲ ಬುಡದಲ್ಲೋ ನಡೆಸುವುದಂತೂ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡನ್ನು ಮನೆಯೊಳಗೆ ಕರೆದಂತೆ.

ಫ್ರಿಜ್ಜಿನ ಬಗ್ಗೆ ಇರುವಷ್ಟು ಆತಂಕ ಅನಗತ್ಯ. ಬಾಗಿಲು ತೆರೆಯದಿದ್ದರೆ ಕೆಳಗಿನ ಭಾಗ ಸುಮಾರು ನಾಲ್ಕು ತಾಸು ತಂಪಾಗಿರುತ್ತದೆ. ಬಂಗುಡೆ, ಅಂಜಲ್ ಇಟ್ಟ ಫ್ರೀಜರು ಪೂರ್ತಿ ತುಂಬಿದ್ದರೆ ಸುಮಾರು ಎರಡು ದಿನ, ಅರ್ಧ ತುಂಬಿದ್ದರೆ ಒಂದು ದಿನ ಹೆಪ್ಪು ಬಿಡುವುದಿಲ್ಲ. ದೋಸೆಹಿಟ್ಟು ಹುಳಿಯಾದೀತು, ಅದು ನಷ್ಟವೇನಲ್ಲ. ಬಳಸಲು ತೆರೆದ ಇನ್ಸುಲಿನ್ ಸಾಮಾನ್ಯವಾಗಿ ಬಿಸಿಲು ತಾಗದ ತಂಪು ಜಾಗದಲ್ಲಿ, 30 ಡಿಗ್ರಿಯೊಳಗೆ ಕೆಲವು ವಾರ ತಾಳುತ್ತದೆ; ಎಷ್ಟೆಂಬುದನ್ನು ಅದರ ಚೀಟಿಯಲ್ಲೇ ನೋಡಬೇಕು, ಮುಂಬಯಿಯ ಮೇ ತಿಂಗಳಲ್ಲಿ ನೀರು ತುಂಬಿದ ಮಣ್ಣಿನ ಮಡಕೆಯೂ ಉಪಯೋಗಕ್ಕೆ ಬರುತ್ತದೆ. ನಿಜವಾದ ಎಚ್ಚರ ಬೇಕಾದುದು ಆಮ್ಲಜನಕದ ಕಾನ್ಸಂಟ್ರೇಟರ್ ಇರುವ ಮನೆಗೆ. ಐದು ಲೀಟರಿನ ಯಂತ್ರ 350 ವಾಟಿನ ಆಸುಪಾಸು ಎಳೆಯುವುದರಿಂದ ಮೇಲಿನ ಲೆಕ್ಕದ ಬ್ಯಾಟರಿ ಎರಡೂವರೆ ತಾಸಿಗೆ ಮುಗಿಯುತ್ತದೆ. ಅಂಥಲ್ಲಿ ಬ್ಯಾಟರಿಯನ್ನೇ ನೆಚ್ಚದೆ ಒಂದೂವರೆ ಘನಮೀಟರಿನ ಬಿ ಬಗೆಯ ಸಿಲಿಂಡರ್ ಇಟ್ಟುಕೊಂಡರೆ ನಿಮಿಷಕ್ಕೆ ಎರಡು ಲೀಟರಿನಂತೆ ಹನ್ನೆರಡು ತಾಸಿನಷ್ಟು ಬರುತ್ತದೆ. ಮನೆಯಿಂದ ಕೆಲಸ ಮಾಡುವವರು ವೈಫೈ ಪೆಟ್ಟಿಗೆಗೆ ಅಂಗೈಯಗಲದ ಮಿನಿ ಯುಪಿಎಸ್ ಕೊಂಡು ನಿಶ್ಚಿಂತರಾಗುವುದುಂಟು, ಆದರೆ ಕಟ್ಟಡದ ಕೊಳವೆ ಗೂಡಿನಲ್ಲಿ ಕುಳಿತ ಇಂಟರ್ನೆಟ್ ಕಂಪನಿಯ ಪೆಟ್ಟಿಗೆಗೂ ಬ್ಯಾಟರಿ ಇರದಿದ್ದರೆ ಮನೆಯ ವೈಫೈ ಉರಿಯುತ್ತಿದ್ದೂ ಪ್ರಯೋಜನವಿಲ್ಲ. ಇದೂ ಸೊಸೈಟಿ ಕೇಳಿ ಮಾಡಿಸಬೇಕಾದ ಕೆಲಸ.

ಸೌರ ಫಲಕಗಳ ಬಗ್ಗೆ ಒಂದು ತಪ್ಪು ಕಲ್ಪನೆ ವ್ಯಾಪಕವಾಗಿದೆ. ಛಾವಣಿಯ ಫಲಕಗಳು ಕಂಪನಿಯ ಜಾಲಕ್ಕೆ ಜೋಡಿಸಿದ ಮಾಮೂಲಿ ಬಗೆಯವಾದರೆ, ಬಿಸಿಲು ಝಳಝಳಿಸುತ್ತಿದ್ದರೂ ಕರೆಂಟ್ ಹೋದೊಡನೆ ಅವೂ ನಿಲ್ಲುತ್ತವೆ. ಲೈನ್‌ಮನ್‌ನ ರಕ್ಷಣೆಗಾಗಿಯೇ ಹಾಗೆ ಮಾಡಲಾಗಿದೆ; ಇಡೀ ನಗರ ಜಾಲದಿಂದ ಕಡಿದುಕೊಂಡು ತನ್ನಷ್ಟಕ್ಕೆ ಬದುಕಲು ಹವಣಿಸಿದರೆ, ಮನೆಯ ಸೌರ ಇನ್ವರ್ಟರಿಗೆ ಅಂಥ ಸ್ವಾತಂತ್ರ್ಯವಿಲ್ಲ. ಕಡಿತದಲ್ಲೂ ನಡೆಯಬೇಕಾದರೆ ಬ್ಯಾಟರಿಯಿರುವ ಹೈಬ್ರಿಡ್ ಇನ್ವರ್ಟರ್ ಬೇಕು. 2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ವಸತಿ ಸೊಸೈಟಿಗಳ ಸಾಮಾನ್ಯ ಬಳಕೆಗೆ ಕಿಲೋವಾಟಿಗೆ 18,000 ರೂಪಾಯಿ ಸಹಾಯಧನವನ್ನು ನಿಗದಿಪಡಿಸಲಾಯಿತು. ಅದು ಫಲಕಗಳ ಸಾಮರ್ಥ್ಯಕ್ಕೆ ಸಿಗುವ ನೆರವು, ಬ್ಯಾಟರಿ ಹಾಕಿಸುವ ತೀರ್ಮಾನ ಸೊಸೈಟಿಯದೇ. ಹಗಲು ಮೆಟ್ಟಿಲ ದೀಪ, ಪಂಪುಗಳ ಬಿಲ್ಲು ಇಳಿದು ಉಳಿದ ಹಣವನ್ನು ಜನರೇಟರಿನ ಅಥವಾ ಬ್ಯಾಟರಿಯ ನಿಧಿಗೆ ಸೇರಿಸುವುದು ಮಹಾಸಭೆಯಲ್ಲಿ ಒಪ್ಪಿಸಲು ಸುಲಭವಾದ ದಾರಿ. ಮೇಂಟೆನೆನ್ಸ್ ಏರಿಸುವ ಮಾತೆತ್ತಿದರೆ ಕೆಳಗಿನ ಮಾಳಿಗೆಯವರು, ಲಿಫ್ಟು ತಮಗೆ ಬೇಡವೆಂದು, ಮೊದಲು ಎದ್ದು ನಿಲ್ಲುತ್ತಾರೆ. ಅವರಿಗೂ ನೀರು ಬರುವುದು ಮೇಲಿನ ಟಾಕಿಯಿಂದಲೇ ಎಂಬುದನ್ನು ಸೆಕ್ರೆಟರಿ ನೆನಪಿಸಬೇಕಾಗುತ್ತದೆ.

ಹಳೆಯ ಬ್ಯಾಟರಿಯನ್ನು ಭಂಗಾರ್‌ವಾಲಾನಿಗೆ, ಅಂದರೆ ಗುಜರಿಯವನಿಗೆ, ಕೊಡುವುದು ಮುಂಬಯಿಯ ರೂಢಿ. ಹಾಗೆ ಹೋದ ಬ್ಯಾಟರಿಯನ್ನು ಒಡೆಯುವಾಗ ಆಮ್ಲ ಚರಂಡಿಗೂ ಸೀಸದ ಧೂಳು ಒಡೆಯುವವನ ಮೈಗೂ ಸೇರುವ ಅಪಾಯವಿದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಬಳಸಿ ಮುಗಿದ ಬ್ಯಾಟರಿಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಹೊಸ ಸೀಸದ ಬ್ಯಾಟರಿ ಕೊಳ್ಳುವಾಗ ಹಳೆಯದನ್ನು ಅಂಗಡಿಗೇ ಒಪ್ಪಿಸಿದರೆ ಅದರ ಸೀಸದ ಬೆಲೆ ಹೊಸದರ ಬಿಲ್ಲಿನಲ್ಲಿ ಮುರಿದುಕೊಳ್ಳುತ್ತದೆ, ಮತ್ತು ಅದನ್ನು ಹದಿನೆಂಟನೆಯ ಮಾಳಿಗೆಯಿಂದ ಇಳಿಸುವ ಕೆಲಸವೂ ಅಂಗಡಿಯವನದೇ ಆಗುತ್ತದೆ.